ಒಡಂಬಡಿಕೆಯ ಭಾಷೆಯಲ್ಲಿ ಹಳ್ಳಿಯ ದನಿ: ಪರಿಸರಗ್ರಾಮಗಳು ಮತ್ತು ಅಂತಾರಾಷ್ಟ್ರೀಯ ರಾಜತಾಂತ್ರಿಕತೆ

ಅಂತಾರಾಷ್ಟ್ರೀಯ ಕಾನೂನಿನಲ್ಲಿ ಹಳ್ಳಿಯೆಂಬುದು ಪಕ್ಷಕಾರನಲ್ಲ. ಒಡಂಬಡಿಕೆಗೆ ಸಹಿ ಹಾಕುವುದು ಪ್ರಭುತ್ವ. ಅದನ್ನು ಅನುಮೋದಿಸುವುದು ಪ್ರಭುತ್ವ. ತಪ್ಪಿ ನಡೆದಾಗ ಉತ್ತರ ಹೇಳಬೇಕಾದುದೂ ಪ್ರಭುತ್ವವೇ. ಆದರೂ ಕಳೆದ ಆರು ದಶಕಗಳಲ್ಲಿ ಕೆಲವೇ ನೂರು ಅಥವಾ ಕೆಲವೇ ಸಾವಿರ ಜನ ವಾಸಿಸುವ ಚಿಕ್ಕ ನೆಲೆಗಳು ಪ್ಯಾರಿಸ್, ಇಸ್ತಾಂಬುಲ್, ರೋಮ್ ನಗರಗಳಲ್ಲಿ ನಡೆಯುವ ಅಂತಾರಾಷ್ಟ್ರೀಯ ಸಭೆಗಳ ಕಡತಗಳೊಳಗೆ ಪ್ರವೇಶ ಪಡೆದಿವೆ. ನೀರು, ಮಣ್ಣು, ಕಾಡುಗಳನ್ನು ಬರಿದು ಮಾಡದೆ ಬದುಕಬಲ್ಲ ಸಮುದಾಯಗಳನ್ನು ಲೋಕಕ್ಕೆ ಮಾದರಿಯಾಗಿ ತೋರಿಸಬೇಕೆಂಬ ಹಂಬಲ ಈ ಪ್ರವೇಶದ ಹಿಂದಿದೆ. ಇಂಥ ನೆಲೆಗಳನ್ನು ಇಂದು ಪರಿಸರಗ್ರಾಮಗಳೆಂದೂ ಸುಸ್ಥಿರ ಸಮುದಾಯಗಳೆಂದೂ ಕರೆಯುತ್ತಿದ್ದೇವೆ.

ಹಳ್ಳಿಯೊಂದು ಅಂತಾರಾಷ್ಟ್ರೀಯ ವೇದಿಕೆಯನ್ನು ತಲುಪಿದ ದಾರಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಅಂತರ್‌ಸರ್ಕಾರಿ ಸಂಸ್ಥೆಯೊಂದರ ನಿರ್ಣಯ ಮೊದಲನೆಯದು; ಸಮುದಾಯಗಳು ತಾವೇ ಕಟ್ಟಿಕೊಂಡ ಜಾಲ ಎರಡನೆಯದು; ಪ್ರಭುತ್ವವು ಪ್ರಸ್ತಾವಿಸಿ ಅಂತಾರಾಷ್ಟ್ರೀಯ ಸಂಸ್ಥೆ ಮಾನ್ಯ ಮಾಡುವ ಪಟ್ಟಿ ಮೂರನೆಯದು. ಈ ಮೂರೂ ಮೂಲತಃ ಪಠ್ಯಗಳೇ. ಆದ್ದರಿಂದ ತೌಲನಿಕ ಸಾಹಿತ್ಯದ ಅಭ್ಯಾಸಿಯೊಬ್ಬರು ಯಾವುದೇ ಪಠ್ಯಕ್ಕೆ ಕೇಳುವ ಪ್ರಶ್ನೆಗಳನ್ನು ಇವುಗಳಿಗೂ ಕೇಳಬಹುದು: ಇದನ್ನು ಬರೆದವರು ಯಾರು? ಯಾವ ಭಾಷೆಯಲ್ಲಿ ಬರೆದರು? ವಿವಾದ ಹುಟ್ಟಿದಾಗ ಇದನ್ನು ಕೈಯಲ್ಲಿ ಹಿಡಿದು ವಾದಿಸುವ ಅಧಿಕಾರ ಯಾರಿಗಿದೆ? ಗಡಿನಾಡಿನ ಕನ್ನಡ ಸಮುದಾಯಗಳಿಗೆ ಈ ಪ್ರಶ್ನೆಗಳು ದೂರದವೇನಲ್ಲ. ಅದನ್ನು ಲೇಖನದ ಕೊನೆಯ ಭಾಗದಲ್ಲಿ ಚರ್ಚಿಸಲಾಗಿದೆ.

ಪದಗಳು ನಡೆದು ಬಂದ ದಾರಿ

ಸುಸ್ಥಿರ ಎಂಬ ಪದವನ್ನು ನಾವು ಇಂಗ್ಲಿಷಿನ ಸಸ್ಟೈನಬಲ್ ಎಂಬುದಕ್ಕೆ ಸಂವಾದಿಯಾಗಿ ಬಳಸುತ್ತೇವೆ. 1987ರಲ್ಲಿ ಬ್ರುಂಟ್ಲಾಂಡ್ ಆಯೋಗದ ವರದಿ ಪ್ರಕಟವಾದ ಮೇಲೆ ಆ ಇಂಗ್ಲಿಷ್ ಪದ ರಾಜತಾಂತ್ರಿಕ ಬಳಕೆಯಲ್ಲಿ ನೆಲೆಗೊಂಡಿತು. ಆದರೆ ಈ ಪರಿಕಲ್ಪನೆಗೆ ಇನ್ನೂ ಹಳೆಯ ಚರಿತ್ರೆಯಿದೆ. 1713ರಲ್ಲಿ ಸ್ಯಾಕ್ಸನಿಯ ಗಣಿ ಆಡಳಿತಾಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಅರಣ್ಯಶಾಸ್ತ್ರದ ಗ್ರಂಥವೊಂದನ್ನು ಬರೆದು, ಕಾಡು ಮತ್ತೆ ಬೆಳೆಯುವಷ್ಟನ್ನು ಮಾತ್ರ ಕಡಿಯಬೇಕೆಂಬ ನಿಯಮವನ್ನು ಪ್ರತಿಪಾದಿಸಿದ. ಇಂದು ಜರ್ಮನ್ ಭಾಷೆ ಸುಸ್ಥಿರತೆಗೆ ಬಳಸುವ ಪದದ ಬೇರು ಆ ಗ್ರಂಥದಲ್ಲಿದೆ. ಅಲ್ಲಿ ಅದು ಗಣಿಗಳಿಗೆ ಬೇಕಾದ ಮರಮುಟ್ಟು ತೀರಿಹೋದೀತೆಂಬ ಆತಂಕದಿಂದ ಹುಟ್ಟಿದ ಲೆಕ್ಕಾಚಾರದ ಪದ. ಫ್ರೆಂಚ್ ಭಾಷೆ ಇದೇ ಅರ್ಥಕ್ಕೆ ದೀರ್ಘಕಾಲ ಬಾಳುವಂಥದ್ದು ಎಂಬ ಪದವನ್ನು ಆರಿಸಿಕೊಂಡಿದೆ. ಕನ್ನಡದ ಸುಸ್ಥಿರ ಚೆನ್ನಾಗಿ ನೆಲೆನಿಂತದ್ದು, ಅಲುಗದೆ ಇರುವುದು ಎಂಬ ಚಿತ್ರವನ್ನು ಕೊಡುತ್ತದೆ. ಹೊರುವ, ತಾಳುವ, ಮತ್ತೆ ಚಿಗುರುವ ಭಾವ ಅದರಲ್ಲಿ ಸ್ಪಷ್ಟವಾಗಿಲ್ಲ. ಬಾಳಿಕೆ, ತಾಳಿಕೆ ಎಂಬ ಆಡುಮಾತುಗಳು ಆ ಭಾವಕ್ಕೆ ಹೆಚ್ಚು ಹತ್ತಿರವಾಗಿದ್ದರೂ ಕಡತದ ಭಾಷೆಗೆ ಅವು ಏರಲಿಲ್ಲ.

ಇದಕ್ಕಿಂತ ಕುತೂಹಲಕರವಾದುದು ಸರ್ವೋದಯ ಎಂಬ ಪದದ ಪಯಣ. 1860ರಲ್ಲಿ ಜಾನ್ ರಸ್ಕಿನ್ ಬರೆದ ಅರ್ಥಶಾಸ್ತ್ರ ವಿಮರ್ಶೆಯ ಪ್ರಬಂಧಗಳನ್ನು ಗಾಂಧೀಜಿ 1908ರಲ್ಲಿ ಗುಜರಾತಿಗೆ ಸಂಗ್ರಹಾನುವಾದ ಮಾಡಿದಾಗ ಅದಕ್ಕೆ ಇಟ್ಟ ಹೆಸರು ಸರ್ವೋದಯ. ಅರ್ಧ ಶತಮಾನದ ತರುವಾಯ, 1958ರಲ್ಲಿ, ಶ್ರೀಲಂಕೆಯ ಅಧ್ಯಾಪಕ ಎ. ಟಿ. ಅರಿಯರತ್ನ ತಮ್ಮ ವಿದ್ಯಾರ್ಥಿಗಳನ್ನು ಹಿಂದುಳಿದ ಹಳ್ಳಿಯೊಂದಕ್ಕೆ ಶ್ರಮದಾನಕ್ಕೆಂದು ಕರೆದೊಯ್ದರು. ಆ ಶಿಬಿರದಿಂದ ಬೆಳೆದ ಚಳವಳಿಗೂ ಸರ್ವೋದಯವೆಂದೇ ಹೆಸರಾಯಿತು. ಆದರೆ ಬೌದ್ಧ ಹಿನ್ನೆಲೆಯಲ್ಲಿ ಅವರು ಪದದ ಅರ್ಥವನ್ನು ತುಸು ತಿರುಗಿಸಿದರು. ಎಲ್ಲರ ಏಳಿಗೆ ಎಂಬುದು ಎಲ್ಲರ ಎಚ್ಚರ ಎಂದಾಯಿತು. ಇಂಗ್ಲಿಷಿನ ಶೀರ್ಷಿಕೆಯೊಂದು ಗುಜರಾತಿಯ ಸಂಸ್ಕೃತಪದವಾಗಿ, ಅಲ್ಲಿಂದ ಸಿಂಹಳಕ್ಕೆ ಬಂದು, ಹೊಸ ಅರ್ಥ ಪಡೆದು, 1990ರ ದಶಕದಲ್ಲಿ ಪರಿಸರಗ್ರಾಮಗಳ ಜಾಲದ ಮೂಲಕ ಯುರೋಪಿಗೆ ಮರಳಿತು. ಅನುವಾದವೇ ರಾಜತಾಂತ್ರಿಕತೆಯ ಕೆಲಸ ಮಾಡಿದ ಉದಾಹರಣೆ ಇದು.

ಇಕೋವಿಲೇಜ್ ಎಂಬ ಪದಕ್ಕೆ ವ್ಯಾಪಕ ಬಳಕೆ ದೊರೆತದ್ದು 1991ರಲ್ಲಿ. ಡೆನ್ಮಾರ್ಕಿನ ಗಾಯಾ ಟ್ರಸ್ಟ್ ಸಂಸ್ಥೆಗಾಗಿ ರಾಬರ್ಟ್ ಮತ್ತು ಡಯಾನ್ ಗಿಲ್ಮನ್ ದಂಪತಿ ಸಿದ್ಧಪಡಿಸಿದ ವರದಿ ಈ ಬಗೆಯ ನೆಲೆಗೆ ಕೆಲವು ಲಕ್ಷಣಗಳನ್ನು ಗುರುತಿಸಿತು: ಗಾತ್ರ ಮನುಷ್ಯರ ಪರಸ್ಪರ ಪರಿಚಯದ ಅಳವಿನಲ್ಲಿರಬೇಕು, ವಸತಿ, ದುಡಿಮೆ, ಆಹಾರ, ಬಿಡುವು ಎಲ್ಲವೂ ಅಲ್ಲಿಯೇ ತಕ್ಕ ಪ್ರಮಾಣದಲ್ಲಿ ದೊರೆಯಬೇಕು, ಮನುಷ್ಯನ ಚಟುವಟಿಕೆ ನಿಸರ್ಗಕ್ಕೆ ಕೇಡಾಗದಂತೆ ಬೆರೆಯಬೇಕು, ಇದೆಲ್ಲವೂ ಕಾಲದ ಮಿತಿಯಿಲ್ಲದೆ ಮುಂದುವರಿಯುವಂತಿರಬೇಕು. ಈ ಲಕ್ಷಣಗಳನ್ನು ಓದುವ ನಮ್ಮ ಭಾಗದ ಓದುಗರಿಗೆ ಇದು ಹಳೆಯ ಹಳ್ಳಿಯ ವರ್ಣನೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಆ ಹಳೆಯ ಹಳ್ಳಿಯ ಜಾತಿ, ಒಡೆತನ, ಬಿಟ್ಟಿ ದುಡಿಮೆಗಳ ಬಗ್ಗೆ ಈ ಲಕ್ಷಣಗಳು ಏನನ್ನೂ ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಮೊದಲ ದಾರಿ: ನಿರ್ಣಯ

ನಿರ್ಣಯದ ದಾರಿಗೆ ಬಹುಶಃ ಅತ್ಯಂತ ಸ್ಪಷ್ಟವಾದ ಉದಾಹರಣೆ ಪುದುಚೇರಿಯ ಸಮೀಪದ ಆರೋವಿಲ್. ಅದರ ಶಂಕುಸ್ಥಾಪನೆಗೆ ಮೊದಲೇ, 1966ರಲ್ಲಿ, ಯುನೆಸ್ಕೊ ಮಹಾಧಿವೇಶನವು ಆ ಯೋಜನೆಯನ್ನು ಶ್ಲಾಘಿಸಿ ನಿರ್ಣಯ ಕೈಗೊಂಡಿತು. 1968, 1970 ಮತ್ತು 1983ರಲ್ಲಿಯೂ ಇಂಥ ನಿರ್ಣಯಗಳು ಬಂದವು. 1968ರ ಫೆಬ್ರವರಿ 28ರಂದು ನಡೆದ ಉದ್ಘಾಟನೆಯಲ್ಲಿ 124 ದೇಶಗಳ ಮತ್ತು ಭಾರತದ ರಾಜ್ಯಗಳ ಪ್ರತಿನಿಧಿಗಳು ತಮ್ಮ ತಮ್ಮ ನೆಲದ ಹಿಡಿಮಣ್ಣನ್ನು ಕಮಲದ ಆಕಾರದ ಪಾತ್ರೆಯೊಂದರಲ್ಲಿ ಹಾಕಿದರು. ರಾಜತಾಂತ್ರಿಕ ಆಚರಣೆಯೊಂದು ಮಣ್ಣನ್ನೇ ಸಂಕೇತವಾಗಿ ಬಳಸಿಕೊಂಡ ಗಳಿಗೆಯದು. ಆ ಹೊತ್ತಿನಲ್ಲಿ ಅಲ್ಲಿದ್ದ ನಿಜವಾದ ಮಣ್ಣು ಮಾತ್ರ ಮಳೆಗೆ ಕೊಚ್ಚಿಹೋಗಿ ಬೋಳಾದ ಕೆಂಪು ಬಯಲಾಗಿತ್ತು.

ಮುಂದಿನ ದಶಕಗಳಲ್ಲಿ ಅಲ್ಲಿನ ನಿವಾಸಿಗಳೂ ಸುತ್ತಲಿನ ತಮಿಳು ಹಳ್ಳಿಗಳ ಕೆಲಸಗಾರರೂ ಸೇರಿ ಬದುಗಳನ್ನು ಹಾಕಿ, ಕೊರಕಲುಗಳಿಗೆ ಚಿಕ್ಕ ಒಡ್ಡುಗಳನ್ನು ಕಟ್ಟಿ, ಲಕ್ಷಾಂತರ ಗಿಡಗಳನ್ನು ನೆಟ್ಟರು. ಕೋರಮಂಡಲ ಕರಾವಳಿಯಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಒಣ ನಿತ್ಯಹರಿದ್ವರ್ಣ ಕಾಡಿನ ತಳಿಗಳನ್ನು ಹುಡುಕಿ ಬೆಳೆಸಿದ್ದು ಈ ಕೆಲಸದ ಮುಖ್ಯ ಸಾಧನೆ. ಮಣ್ಣಿನ ಇಟ್ಟಿಗೆಯ ಕಟ್ಟಡ ತಂತ್ರ, ಸೌರಶಕ್ತಿಯ ಅಡುಗೆಮನೆ ಇತ್ಯಾದಿಗಳಿಂದ ಆರೋವಿಲ್ ಪರಿಸರಗ್ರಾಮಗಳ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖವಾಗತೊಡಗಿತು. 50,000 ಜನರಿಗೆಂದು ಯೋಜಿತವಾದ ಆ ನಗರದಲ್ಲಿ ಇಂದು ಇರುವವರು ಸುಮಾರು 3,000 ಮಂದಿ. ತಮಿಳು, ಫ್ರೆಂಚ್, ಸಂಸ್ಕೃತ, ಇಂಗ್ಲಿಷ್ ಈ ನಾಲ್ಕನ್ನು ತನ್ನ ಭಾಷೆಗಳೆಂದು ಅದು ಆರಿಸಿಕೊಂಡಿದೆ. ವ್ಯವಹಾರದಲ್ಲಿ ಇಂಗ್ಲಿಷಿನದೇ ಮೇಲುಗೈ.

ಯುನೆಸ್ಕೊ ನಿರ್ಣಯಗಳಿಂದ ಆರೋವಿಲ್‌ಗೆ ದೊರೆತದ್ದೇನು? ಹಣವೂ ಅಲ್ಲ, ಕಾನೂನಿನ ರಕ್ಷಣೆಯೂ ಅಲ್ಲ, ದೊರೆತದ್ದು ಹೆಸರು. ಆ ಹೆಸರಿಗೆ ಅನಿರೀಕ್ಷಿತವಾದ ಪರಿಣಾಮವೂ ಉಂಟಾಯಿತು. 1973ರಲ್ಲಿ ಸ್ಥಾಪಕಿಯಾದ ಶ್ರೀಮಾತೆಯವರು ನಿಧನರಾದ ಮೇಲೆ ನಿವಾಸಿಗಳಿಗೂ ಆಸ್ತಿಯ ಒಡೆತನ ಹೊಂದಿದ್ದ ಸೊಸೈಟಿಗೂ ತಿಕ್ಕಾಟ ಬೆಳೆಯಿತು. 1980ರಲ್ಲಿ ಕೇಂದ್ರ ಸರ್ಕಾರ ವಿಶೇಷ ಕಾನೂನಿನ ಮೂಲಕ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆರೋವಿಲ್ ಧಾರ್ಮಿಕ ಪಂಥವಲ್ಲ ಎಂದು ಬಹುಮತದ ತೀರ್ಪು ಹೇಳಿತು. ಯೋಜನೆಗೆ ಅಂತಾರಾಷ್ಟ್ರೀಯ ಸ್ವರೂಪವಿದೆಯೆಂಬ ಕಾರಣವೇ ಪ್ರಭುತ್ವದ ಪ್ರವೇಶಕ್ಕೆ ಒಂದು ಸಮರ್ಥನೆಯಾಗಿ ಒದಗಿತು. 1988ರ ಆರೋವಿಲ್ ಫೌಂಡೇಶನ್ ಕಾಯಿದೆ ಮೂರು ಅಂಗಗಳನ್ನು ರಚಿಸಿತು: ಕೇಂದ್ರ ಸರ್ಕಾರ ನಾಮಕರಣ ಮಾಡುವ ಆಡಳಿತ ಮಂಡಳಿ, ನಿವಾಸಿಗಳ ಸಭೆ, ಅಂತಾರಾಷ್ಟ್ರೀಯ ಸಲಹಾ ಸಮಿತಿ.

ಈ ಮೂರು ಅಂಗಗಳ ನಡುವಿನ ತೂಕ ಎಷ್ಟು ಅಸಮವೆಂಬುದು 2021ರ ಡಿಸೆಂಬರಿನಲ್ಲಿ ಬಯಲಾಯಿತು. ಮೂಲ ನಗರಯೋಜನೆಯಲ್ಲಿದ್ದ ವರ್ತುಲ ರಸ್ತೆಗಾಗಿ ಮರಗಳನ್ನು ಉರುಳಿಸಲು ಯಂತ್ರಗಳು ಬಂದಾಗ ನಿವಾಸಿಗಳಲ್ಲಿ ಕೆಲವರು ಅಡ್ಡ ನಿಂತರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಅದು ಪರಿಸರ ಅನುಮತಿ ಪಡೆಯುವವರೆಗೆ ಕೆಲಸಕ್ಕೆ ತಡೆಯೊಡ್ಡಿತು. 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು. ಒಂದೇ ಸ್ಥಾಪನಾ ಪಠ್ಯವನ್ನು ಎರಡು ಬಣಗಳೂ ತಮ್ಮ ಪರವಾಗಿ ಓದಿದವು: ಒಂದಕ್ಕೆ ಅದು ಪೂರ್ಣಗೊಳ್ಳಬೇಕಾದ ನಗರದ ನಕ್ಷೆ, ಇನ್ನೊಂದಕ್ಕೆ ಬೆಳೆಯುತ್ತಿರುವ ಕಾಡಿನ ಭರವಸೆ. ವ್ಯಾಜ್ಯವನ್ನು ನಿರ್ಧರಿಸಿದ್ದು ದೇಶದೊಳಗಿನ ಕಾಯಿದೆ. ಅರ್ಧ ಶತಮಾನದ ಹಿಂದಿನ ಯುನೆಸ್ಕೊ ನಿರ್ಣಯಗಳು ನಿವಾಸಿಯ ಕೈಗೆ ಯಾವ ಹಕ್ಕನ್ನೂ ಕೊಟ್ಟಿರಲಿಲ್ಲ.

ಎರಡನೆಯ ದಾರಿ: ಜಾಲ

ಪ್ರಭುತ್ವದ ಬಾಗಿಲಿಗೆ ಹೋಗದೆ ಸಮುದಾಯಗಳೇ ಒಗ್ಗೂಡಿ ಅಂತಾರಾಷ್ಟ್ರೀಯ ವೇದಿಕೆಯನ್ನು ಏರುವ ದಾರಿ ಇನ್ನೊಂದು. 1995ರಲ್ಲಿ ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ ಎಂಬಲ್ಲಿ ಪರಿಸರಗ್ರಾಮಗಳ ಸಮ್ಮೇಳನವೊಂದು ನಡೆಯಿತು. ಫಿಂಡ್‌ಹಾರ್ನ್ ಸ್ವತಃ 1962ರಲ್ಲಿ ಕಾರವಾನ್ ಬಿಡಾರಗಳ ನಡುವೆ, ಮರಳು ನೆಲದಲ್ಲಿ ತೋಟ ಮಾಡುವ ಪ್ರಯೋಗದಿಂದ ಬೆಳೆದ ನೆಲೆ. ಆ ಸಮ್ಮೇಳನದಲ್ಲಿ ಜಾಗತಿಕ ಪರಿಸರಗ್ರಾಮ ಜಾಲ ರೂಪುಗೊಂಡು, ಮರುವರ್ಷ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಎರಡನೆಯ ವಸತಿ ಸಮ್ಮೇಳನದಲ್ಲಿ ಲೋಕಕ್ಕೆ ತನ್ನನ್ನು ಪರಿಚಯಿಸಿಕೊಂಡಿತು. ಅನಂತರ ಅದು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಸಮಾಲೋಚಕ ಸ್ಥಾನವನ್ನು ಪಡೆಯಿತು.

ಸಮಾಲೋಚಕ ಸ್ಥಾನವೆಂದರೇನು ಎಂಬುದನ್ನು ವಿವರಿಸಬೇಕು. ವಿಶ್ವಸಂಸ್ಥೆಯ ಸನ್ನದಿನ 71ನೆಯ ವಿಧಿಯು ಸರ್ಕಾರೇತರ ಸಂಸ್ಥೆಗಳ ಸಲಹೆ ಪಡೆಯಲು ಮಂಡಳಿಗೆ ಅವಕಾಶ ಕೊಡುತ್ತದೆ. ಈ ಸ್ಥಾನ ಪಡೆದ ಸಂಸ್ಥೆಯ ಪ್ರತಿನಿಧಿಗಳು ಸಭೆಗಳಲ್ಲಿ ಕುಳಿತುಕೊಳ್ಳಬಹುದು, ಲಿಖಿತ ಹೇಳಿಕೆ ಸಲ್ಲಿಸಬಹುದು, ದರ್ಜೆಗೆ ಅನುಗುಣವಾಗಿ ಮಾತನಾಡಲೂಬಹುದು, ಮತ ಹಾಕುವಂತಿಲ್ಲ. ಅಂದರೆ ಹಳ್ಳಿಯ ದನಿಗೆ ಇಲ್ಲಿ ಕಿವಿಯಿದೆ, ಕೈಯಿಲ್ಲ. ಆದರೂ ಇದನ್ನು ಅಲ್ಪವೆಂದು ತಳ್ಳಿಹಾಕಲಾಗದು. ರಾಜತಾಂತ್ರಿಕ ಪಠ್ಯವೊಂದರ ಕರಡು ತಯಾರಾಗುವ ಹೊತ್ತಿನಲ್ಲಿ ಒಂದು ಪದವನ್ನು ಸೇರಿಸುವಂತೆ ಇಲ್ಲವೇ ಬಿಡುವಂತೆ ಒತ್ತಾಯಿಸುವ ಅವಕಾಶ ಮುಂದಿನ ದಶಕಗಳ ನೀತಿಯನ್ನೇ ಪ್ರಭಾವಿಸಬಲ್ಲದು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹನ್ನೊಂದನೆಯದು ನಗರಗಳೊಡನೆ ಸಮುದಾಯಗಳನ್ನೂ ಶೀರ್ಷಿಕೆಯಲ್ಲಿ ಸೇರಿಸಿಕೊಂಡಿದೆ. ಇಂಥ ಒಂದು ಪದ ಅಲ್ಲಿರುವುದರಿಂದಲೇ ಚಿಕ್ಕ ನೆಲೆಗಳು ಆ ಗುರಿಯ ಹೆಸರಿನಲ್ಲಿ ಮಾತನಾಡಬಹುದಾಗಿದೆ.

ಜಾಲದ ದಾರಿಯು ಪ್ರಭುತ್ವವನ್ನು ಹೇಗೆ ಮುಟ್ಟಬಹುದೆಂಬುದಕ್ಕೆ ಪಶ್ಚಿಮ ಆಫ್ರಿಕದ ಸೆನೆಗಲ್ ಉದಾಹರಣೆ. ಪರಿಸರಗ್ರಾಮದ ಕಲ್ಪನೆಯನ್ನು ಒಪ್ಪಿಕೊಂಡ ಆ ದೇಶದ ಸರ್ಕಾರ 2008ರಲ್ಲಿ ಪರಿಸರಗ್ರಾಮಗಳಿಗಾಗಿಯೇ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿತು. 14,000 ಹಳ್ಳಿಗಳನ್ನು ಈ ಮಾದರಿಗೆ ತರುವುದು ಅದು ಸಾರಿದ ಗುರಿ. ಪ್ರಾಯೋಗಿಕ ಹಳ್ಳಿಗಳ ಕೆಲಸಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಜಾಗತಿಕ ಪರಿಸರ ನಿಧಿಯ ನೆರವೂ ಒದಗಿತು. ಇಲ್ಲಿ ಪದದ ಅರ್ಥ ಬದಲಾದುದನ್ನು ಗಮನಿಸಬೇಕು. ಯುರೋಪ್, ಅಮೆರಿಕಗಳಲ್ಲಿ ಪರಿಸರಗ್ರಾಮವೆಂದರೆ ಬಹುಮಟ್ಟಿಗೆ ನಗರದ ಬದುಕಿನಿಂದ ಬೇಸತ್ತ ಮಧ್ಯಮವರ್ಗದವರು ಸ್ವಇಚ್ಛೆಯಿಂದ ಕಟ್ಟಿಕೊಂಡ ಹೊಸ ನೆಲೆ. ಸೆನೆಗಲ್‌ನಲ್ಲಿ ಹಳ್ಳಿ ಮೊದಲೇ ಇದೆ, ಜನರೂ ಇದ್ದಾರೆ. ಇಲ್ಲದ್ದು ವಿದ್ಯುತ್ತು, ಸೌದೆಗೆ ಬದಲಿ ಇಂಧನ, ಮಳೆ ತಪ್ಪಿದ ವರ್ಷದ ಆಸರೆ. ಅಲ್ಲಿ ಆಯ್ಕೆಯಾಗಿದ್ದದ್ದು ಇಲ್ಲಿ ಅವಶ್ಯಕತೆ. ಒಂದೇ ಪದದ ಆಶ್ರಯದಲ್ಲಿ ಈ ಎರಡು ಬಗೆಯ ಹಳ್ಳಿಗಳು ಒಂದೇ ಸಭೆಯಲ್ಲಿ ಕೂರುತ್ತವೆಂಬುದು ಜಾಲದ ಶಕ್ತಿ. ಮಾತಿನ ಶೈಲಿಯನ್ನು ಮೊದಲ ಬಗೆಯ ಹಳ್ಳಿಯೇ ನಿರ್ಧರಿಸುವ ಸಂಭವ ಹೆಚ್ಚೆಂಬುದು ಅದರ ಮಿತಿ.

ಮೂರನೆಯ ದಾರಿ: ಪಟ್ಟಿ

ಪಟ್ಟಿಯ ದಾರಿಯಲ್ಲಿ ಹಳ್ಳಿ, ಕಾಡು ಅಥವಾ ಬೇಸಾಯ ಪದ್ಧತಿಯೊಂದನ್ನು ಪ್ರಭುತ್ವವು ಪ್ರಸ್ತಾವಿಸುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆ ಪರಿಶೀಲಿಸಿ ಮಾನ್ಯ ಮಾಡುತ್ತದೆ. ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿ, ಜೀವಗೋಲ ಮೀಸಲು ಪ್ರದೇಶಗಳ ಜಾಲ, 2003ರ ಅಮೂರ್ತ ಪರಂಪರೆಯ ಒಡಂಬಡಿಕೆಯ ಪಟ್ಟಿಗಳು, ರೋಮ್‌ನಲ್ಲಿರುವ ಆಹಾರ ಮತ್ತು ಕೃಷಿ ಸಂಸ್ಥೆಯು 2002ರಲ್ಲಿ ಆರಂಭಿಸಿದ ಜಾಗತಿಕ ಮಹತ್ವದ ಕೃಷಿಪರಂಪರೆಯ ಕಾರ್ಯಕ್ರಮ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ನಮ್ಮ ಪತ್ರಿಕೆಯ ವ್ಯಾಪ್ತಿಗೆ ನೇರವಾಗಿ ಬರುವುದು ನೀಲಗಿರಿ ಜೀವಗೋಲ ಮೀಸಲು ಪ್ರದೇಶ. 1986ರಲ್ಲಿ ಭಾರತದ ಮೊದಲ ಜೀವಗೋಲ ಮೀಸಲೆಂದು ಘೋಷಿತವಾದ ಇದು 5,520 ಚದರ ಕಿಲೋಮೀಟರಿನಷ್ಟು ವಿಸ್ತಾರವಾಗಿ ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಹರಡಿದೆ; 2000ದಲ್ಲಿ ಯುನೆಸ್ಕೊ ಜಾಲಕ್ಕೆ ಸೇರಿತು. ವಯನಾಡು, ನೀಲಗಿರಿ, ಬಂಡೀಪುರ, ನಾಗರಹೊಳೆಗಳು ಇದರೊಳಗಿವೆ. ಕನ್ನಡ, ಬಡಗ, ತೋಡ, ಕೋತ, ಇರುಳ, ಪಣಿಯ, ಜೇನುಕುರುಬ ಮೊದಲಾದ ನುಡಿಗಳ ನೆಲವಿದು. 1995ರ ಸೆವಿಲ್ ಕಾರ್ಯತಂತ್ರದ ತರುವಾಯ ಜೀವಗೋಲ ಮೀಸಲೆಂದರೆ ಜನರನ್ನು ಹೊರಗಿಟ್ಟ ಕಾಡಲ್ಲ ಎಂಬ ತಿಳಿವಳಿಕೆ ಅಧಿಕೃತವಾಯಿತು: ಒಳವಲಯದಲ್ಲಿ ಸಂರಕ್ಷಣೆ, ಅದರ ಸುತ್ತ ತಡೆವಲಯ, ಹೊರಗೆ ಜನರು ದುಡಿದು ಬಾಳುವ ಸಂಕ್ರಮಣ ವಲಯ. ತಾತ್ತ್ವಿಕವಾಗಿ ಇದು ಪರಿಸರಗ್ರಾಮಗಳ ದೊಡ್ಡ ಭೂಪಟವೇ ಸರಿ.

ಆದರೆ ಜೀವಗೋಲ ಮೀಸಲುಗಳು ಆಯಾ ಪ್ರಭುತ್ವದ ಸಾರ್ವಭೌಮ ಅಧಿಕಾರದೊಳಗೇ ಉಳಿಯುತ್ತವೆ. ಕಾಡಿನ ಅಂಚಿನ ಹಾಡಿಯಲ್ಲಿ ವಾಸಿಸುವವರಿಗೆ ಪ್ರತಿದಿನ ಎದುರಾಗುವುದು ಯುನೆಸ್ಕೊ ಅಲ್ಲ, ಅರಣ್ಯ ಇಲಾಖೆಯ ಚೌಕಿ. ಇಲ್ಲಿ ಒಂದು ಹೋಲಿಕೆ ಉಪಯುಕ್ತ. ತಾಳವಾಡಿಯ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತವು, ಅದೂ ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನೊಳಗೆ. ಅದಕ್ಕೆ ಆಧಾರವಾದದ್ದು 2006ರ ಅರಣ್ಯ ಹಕ್ಕುಗಳ ಕಾಯಿದೆ. ತಮ್ಮ ದೇವರ ನೆಲೆಗಳು, ಜೇನು ಕಟ್ಟುವ ಮರಗಳು, ಹಳೆಯ ಹಾಡಿಗಳ ಹೆಸರುಗಳನ್ನು ಸೋಲಿಗರು ತಮ್ಮ ನುಡಿಯಲ್ಲಿಯೇ ಹೇಳಿ ಗುರುತಿಸಬಲ್ಲರೆಂಬುದು ಇಂಥ ಹಕ್ಕುಸಾಧನೆಯಲ್ಲಿ ಸಣ್ಣ ಸಂಗತಿಯಲ್ಲ. ಅಂತಾರಾಷ್ಟ್ರೀಯ ಮನ್ನಣೆ ಕೊಟ್ಟದ್ದು ಗೌರವ. ಗ್ರಾಮಸಭೆಯ ಹೆಸರಿನ ಹಕ್ಕುಪತ್ರ ಕೊಟ್ಟದ್ದು ವಾದಿಸುವ ಅಧಿಕಾರ.

ಕೃಷಿಪರಂಪರೆಯ ಪಟ್ಟಿಯಲ್ಲಿ ಭಾರತದ ಮೂರು ತಾಣಗಳು ಪ್ರಸಿದ್ಧ: ಕಾಶ್ಮೀರದ ಕೇಸರಿ ಬೇಸಾಯ, ಒಡಿಶಾದ ಕೋರಾಪುಟದ ಸಾಂಪ್ರದಾಯಿಕ ಬೇಸಾಯ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಕೇರಳದ ಕುಟ್ಟನಾಡು. ಕುಟ್ಟನಾಡಿಗೆ 2013ರಲ್ಲಿ ಮನ್ನಣೆ ಸಿಕ್ಕಿತು. 2018ರ ಮಹಾಪ್ರವಾಹದಲ್ಲಿ ಅದೇ ಕುಟ್ಟನಾಡು ವಾರಗಟ್ಟಲೆ ನೀರಿನಲ್ಲಿ ನಿಂತಿತು. ಪಟ್ಟಿಗೆ ಸೇರುವುದು ರಕ್ಷಣೆಯ ಆರಂಭವಾಗಬಹುದು, ಅದೇ ರಕ್ಷಣೆಯಾಗಲಾರದು.

ಸುರಂಗದ ನಾಡಿನಿಂದ ಒಂದು ಪರೀಕ್ಷೆ

ಈ ಮೂರು ದಾರಿಗಳ ತಿಳಿವಳಿಕೆಯನ್ನು ಕಾಸರಗೋಡಿನ ನೆಲದ ಮೇಲೆ ಇಟ್ಟು ನೋಡೋಣ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ತಲೆಮಾರುಗಳಿಂದ ಮನೆ, ತೋಟಗಳಿಗೆ ನೀರು ಕೊಟ್ಟಿವೆ. ಗುಡ್ಡದ ಮೇಲಿನ ಗಿಡಮರ, ಮಣ್ಣಿನ ತೇವ ನೋಡಿ ಜಾಗ ನಿರ್ಧರಿಸುವುದು, ಒಬ್ಬ ಬಗ್ಗಿ ಕೊರೆಯುತ್ತ ಹೋದಂತೆ ಇನ್ನೊಬ್ಬ ಮಣ್ಣು ಹೊರಹಾಕುವುದು, ದೀಪ ಮಂಕಾದರೆ ಒಳಗೆ ಗಾಳಿ ಸಾಲದೆಂದು ತಿಳಿಯುವುದು, ಒಸರುವ ನೀರನ್ನು ಅಡಿಕೆ ದಂಬೆಯ ಮೂಲಕ ಹರಿಸಿ ಕೆರೆಯಲ್ಲಿ ತುಂಬಿಕೊಳ್ಳುವುದು ಇವೆಲ್ಲ ಈ ವಿದ್ಯೆಯ ಭಾಗ. ನೀರು ತಾನಾಗಿ ಇಳಿದು ಬರುವುದರಿಂದ ಪಂಪು ಬೇಡ, ವಿದ್ಯುತ್ತು ಬೇಡ. ಮಳೆನೀರನ್ನು ಗುಡ್ಡದ ಮೇಲೆಯೇ ಇಂಗಿಸುವ ಮದಕಗಳೂ, ತೊರೆಗೆ ಅಡ್ಡಲಾಗಿ ವರ್ಷವರ್ಷ ಕೂಡಿ ಕಟ್ಟುವ ಕಟ್ಟಗಳೂ ಇದೇ ವ್ಯವಸ್ಥೆಯ ಅಂಗಗಳು. ಗಿಲ್ಮನ್ ದಂಪತಿಯ ಲಕ್ಷಣಗಳಲ್ಲಿ ಕಾಲದ ಮಿತಿಯಿಲ್ಲದೆ ಮುಂದುವರಿಯಬಲ್ಲದ್ದು ಎಂಬುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ದುರ್ಲಭ. ಆದರೆ ಕೊಳವೆಬಾವಿಗಳು ಹೆಚ್ಚಿದಂತೆ, ಕೊರೆಯುವ ನುರಿತ ಕೈಗಳು ಕಡಿಮೆಯಾದಂತೆ ಈ ವಿದ್ಯೆ ಹಿಂದೆ ಸರಿಯುತ್ತಿದೆ.

ಇದರ ದೂರದ ಬಂಧುಗಳಿಗೆ ಅಂತಾರಾಷ್ಟ್ರೀಯ ಮನ್ನಣೆ ದೊರೆತಿದೆ. ಒಮಾನಿನ ಐದು ಫಲಜ್ ನೀರಾವರಿ ವ್ಯವಸ್ಥೆಗಳು 2006ರಲ್ಲಿ, ಇರಾನಿನ ಹನ್ನೊಂದು ಕನಾತುಗಳು 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಯಜ್ದ್ ನಗರದಲ್ಲಿ ಯುನೆಸ್ಕೊ ಆಶ್ರಯದಲ್ಲಿ ಕನಾತುಗಳ ಅಧ್ಯಯನ ಕೇಂದ್ರವೇ ಇದೆ. ಒಣನಾಡಿನ ನೀರಿನ ವಿದ್ಯೆಯನ್ನು ಇರಾನ್ ತನ್ನ ಸಾಂಸ್ಕೃತಿಕ ರಾಜತಾಂತ್ರಿಕತೆಯ ಭಾಗವಾಗಿಸಿಕೊಂಡಿದೆ. ಕನಾತಿನಂತೆ ಸುರಂಗಕ್ಕೆ ಸಾಲು ಸಾಲು ಗಾಳಿಬಾವಿಗಳು ಸಾಮಾನ್ಯವಲ್ಲ. ಊರೊಟ್ಟಿನ ಒಡೆತನಕ್ಕಿಂತ ಒಂದೊಂದು ಮನೆಯ ಒಡೆತನವೇ ಹೆಚ್ಚು. ಹಾಗಾಗಿ ಎರಡನ್ನೂ ಒಂದೆನ್ನಲಾಗದು. ಸುರಂಗ ಎಂಬ ಪದವೇ ಗ್ರೀಕಿನ ಸಿರಿಂಕ್ಸ್ ಎಂಬುದರಿಂದ ಸಂಸ್ಕೃತಕ್ಕೆ ಬಂದುದೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದು ನಿಜವಾದರೆ ಗಡಿ ದಾಟುವ ಕೆಲಸವನ್ನು ಪದ ಎಂದೋ ಮುಗಿಸಿದೆ; ದಾಟಬೇಕಾಗಿರುವುದು ಕಡತ ಮಾತ್ರ.

ಒಂದು ವೇಳೆ ಸುರಂಗಗಳಿಗೆ ಇಂಥ ಮನ್ನಣೆ ಕೋರುವುದಾದರೆ ಎದುರಾಗುವ ತೊಡಕುಗಳನ್ನು ಮೇಲಿನ ಚರ್ಚೆಯಿಂದ ಊಹಿಸಬಹುದು. ಮೊದಲನೆಯದು ಗಡಿ. ಗುಡ್ಡದ ಒಂದು ಮಗ್ಗುಲು ಕೇರಳದಲ್ಲಿ, ಇನ್ನೊಂದು ಕರ್ನಾಟಕದಲ್ಲಿ. ಪ್ರಸ್ತಾವ ದೆಹಲಿಯಿಂದ ಹೋಗಬೇಕು. ಎರಡು ರಾಜ್ಯಗಳ ನಡುವೆ ಇದು ಯಾರ ಪರಂಪರೆಯೆಂಬ ಪೈಪೋಟಿ ಹುಟ್ಟಿದರೆ ಕಡತ ಅಲ್ಲಿಯೇ ನಿಲ್ಲುತ್ತದೆ. ಎರಡನೆಯದು ದುಡಿದವರ ಹೆಸರು. ಪಟ್ಟಿಗಳು ರಚನೆಯನ್ನು ಕಾಣುತ್ತವೆ, ತೋಟದ ಒಡೆಯರನ್ನೂ ಕಾಣುತ್ತವೆ. ಕತ್ತಲಲ್ಲಿ ಬಗ್ಗಿ ಕೊರೆದ ಕೂಲಿಕಾರ ಸಮುದಾಯಗಳು ಮಾತ್ರ ಬಿಟ್ಟುಹೋಗುವ ಅಪಾಯವಿದೆ. ಮೂರನೆಯದು ಭಾಷೆ. ವಿಶ್ವಪರಂಪರೆಯ ಮತ್ತು ಅಮೂರ್ತ ಪರಂಪರೆಯ ಪ್ರಸ್ತಾವಗಳು ಇಂಗ್ಲಿಷಿನಲ್ಲಿ ಅಥವಾ ಫ್ರೆಂಚಿನಲ್ಲಿರಬೇಕು. ಅಮೂರ್ತ ಪರಂಪರೆಯ ವಿಷಯದಲ್ಲಿ ಸಂಬಂಧಪಟ್ಟ ಸಮುದಾಯವು ಮುಂಚಿತವಾಗಿ, ತಿಳಿದು, ಸ್ವತಂತ್ರವಾಗಿ ಒಪ್ಪಿಗೆ ಕೊಟ್ಟಿರಬೇಕೆಂಬ ನಿಯಮವಿದೆ. ತಿಳಿದು ಎಂಬ ಪದದ ಭಾರವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ತುಳು, ಕನ್ನಡ ಮಾತನಾಡುವ ಹಿರಿಯರೊಬ್ಬರು ತಮಗೆ ಓದಲು ಬಾರದ ಭಾಷೆಯ ಹಾಳೆಗೆ ಹೆಬ್ಬೆಟ್ಟೊತ್ತಿದರೆ ಅದು ಒಪ್ಪಿಗೆಯಾದೀತೇ?

ಈ ಪ್ರಶ್ನೆಯ ಕಷ್ಟ ಗಡಿನಾಡಿನ ನಮಗೆ ಅನುಭವದಿಂದ ಗೊತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಆ ವಿಧಿ ನಿಜವಾಗುವುದು ಶಾಲೆಯಲ್ಲಿ ಆ ಭಾಷೆ ಬಲ್ಲ ಅಧ್ಯಾಪಕರಿದ್ದಾಗ, ಕಚೇರಿಯಲ್ಲಿ ಆ ಭಾಷೆಯ ಅರ್ಜಿ ನಮೂನೆ ಸಿಕ್ಕಾಗ. ದೊಡ್ಡ ಪಠ್ಯದ ಮನ್ನಣೆಗೂ ಚಿಕ್ಕ ಕಾಗದದ ಲಭ್ಯತೆಗೂ ನಡುವಿನ ಅಂತರವೇ ಅಲ್ಪಸಂಖ್ಯಾತರ ನಿತ್ಯದ ಪಾಡು. ಪರಿಸರಗ್ರಾಮಗಳ ರಾಜತಾಂತ್ರಿಕತೆಯಲ್ಲಿಯೂ ಇದೇ ಅಂತರ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ದ್ವಿಭಾಷಿಕ ವಿದ್ವಾಂಸರ ಪಾಲಿನ ಕೆಲಸ

ಆರೋವಿಲ್‌ನ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು, ಶ್ಲಾಘನೆಯ ನಿರ್ಣಯಕ್ಕಿಂತ ಮೊದಲು ನಿವಾಸಿಗಳ ಸಭೆಗೆ ದೇಶದ ಕಾನೂನಿನಲ್ಲಿ ಗಟ್ಟಿ ಸ್ಥಾನವಿರಬೇಕೆಂಬುದು. ಜಾಲದಿಂದ ಕಲಿಯಬೇಕಾದದ್ದು, ಮತವಿಲ್ಲದಿದ್ದರೂ ಕರಡು ತಯಾರಾಗುವ ಹೊತ್ತಿಗೆ ಅಲ್ಲಿ ಹಾಜರಿರಬೇಕೆಂಬುದು. ಪಟ್ಟಿಗಳಿಂದ ಕಲಿಯಬೇಕಾದದ್ದು, ಪ್ರಸ್ತಾವವನ್ನು ಬರೆಯುವವರ ಪದಕೋಶದಲ್ಲಿ ಇಲ್ಲದ್ದು ಪ್ರಸ್ತಾವದಲ್ಲಿಯೂ ಇರುವುದಿಲ್ಲ ಎಂಬುದು.

ಕೊನೆಯ ಪಾಠ ನಮ್ಮಂಥವರಿಗೆ ನೇರವಾಗಿ ಅನ್ವಯಿಸುತ್ತದೆ. ಕನ್ನಡ, ತುಳು, ಮಲಯಾಳಂ ಮೂರರಲ್ಲಿಯೂ ಸುರಂಗ, ಮದಕ, ಕಟ್ಟಗಳಿಗೆ ಸಂಬಂಧಿಸಿದ ಪದಗಳನ್ನು ಕೊರೆಯುವವರ ಬಾಯಿಂದಲೇ ಸಂಗ್ರಹಿಸುವುದು; ಒಪ್ಪಿಗೆಯ ಪತ್ರ ಹೇಗಿರಬೇಕೆಂಬುದನ್ನು ಆ ಭಾಷೆಗಳಲ್ಲಿಯೇ ರೂಪಿಸಿ ಪಂಚಾಯತ್ ಸಭೆಯಲ್ಲಿ ಓದಿ ಹೇಳುವುದು; ಗಡಿಯ ಎರಡೂ ಕಡೆಯ ವಿಶ್ವವಿದ್ಯಾಲಯಗಳು ಈ ದಾಖಲೆಯನ್ನು ಒಟ್ಟಾಗಿ ಕಾಪಾಡುವುದು. ಇದಕ್ಕೆ ಯಾವ ಅಂತಾರಾಷ್ಟ್ರೀಯ ಸಂಸ್ಥೆಯ ಅನುಮತಿಯೂ ಬೇಕಿಲ್ಲ. ಮುಂದೆಂದಾದರೂ ಸರ್ಕಾರ ಕಡತವೊಂದನ್ನು ಕಳಿಸುವುದಾದರೆ ಅದರ ಅನುಬಂಧದಲ್ಲಿ ಈ ದಾಖಲೆಗೆ ಸ್ಥಾನವಿರುತ್ತದೆ. ಕಡತ ಹೋಗದೇ ಇದ್ದರೂ, ವಿದ್ಯೆಯೊಂದು ಮರೆಯಾಗುವ ಮುನ್ನ ಅದರ ಪದಗಳನ್ನು ಅದನ್ನು ಬಲ್ಲವರ ಹೆಸರಿನಲ್ಲಿಯೇ ಬರೆದಿಟ್ಟಂತಾಗುತ್ತದೆ. ಸುರಂಗ ಕೊರೆಯಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.